ಬಾಡಿಗೆ ಕಟ್ಟಲಾಗದವರು ಕಟ್ಟಿಕೊಂಡ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಅವರು ಇಂದು ನಮ್ಮೊಡನೆ ಇದ್ದಿದ್ದರೆ ಮಕ್ಕಳನ್ನು ದೂರದೂರಿಗೆ ಓದಲು ಕಳುಹಿಸಿ ನೋಡು ಎಂಬ ಮಾತನ್ನೂ ಸೇರಿಸುತ್ತಿದ್ದರೋ ಏನೋ!

ಮಗಳಿಗೋ ಮಗನಿಗೋ ಸೀಟು ಸಿಕ್ಕಿತೆಂಬ ಸುದ್ದಿ ಬಂದ ದಿನ ಮನೆಯಲ್ಲಿ ಹಬ್ಬ. ವಾರ ಕಳೆಯುವುದರೊಳಗೆ ಚಿಂತೆ ಶುರು. ಫೀಸು ಕಟ್ಟಲು ಬ್ಯಾಂಕು ಸಾಲ ಕೊಡುತ್ತದೆ, ಆದರೆ ಉಳಿದುಕೊಳ್ಳುವುದೆಲ್ಲಿ? ನಮ್ಮ ಕಾಸರಗೋಡು, ಕುಂಬಳೆ, ಬೇಳ, ಮಂಜೇಶ್ವರದ ಮಕ್ಕಳು ಹಿಂದೆ ಬಸ್ಸು ಹಿಡಿದು ಮಂಗಳೂರಿಗೆ ಹೋಗಿ ಸಂಜೆಗೆ ಮನೆ ಸೇರುತ್ತಿದ್ದರು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಆರಂಭವಾದ ಮೇಲೆ ಕೊಣಾಜೆಯ ದಾರಿ ಹಿಡಿದರು. 2009ರಲ್ಲಿ ಕೇರಳದ ಕೇಂದ್ರೀಯ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ನಮ್ಮ ಜಿಲ್ಲೆಯ ಪೆರಿಯದಲ್ಲಿಯೇ ಅದರ ಕ್ಯಾಂಪಸ್ಸು ಎದ್ದಿತು. ಈಗ ಬೆಂಗಳೂರು ದಾಟಿ, ಕಡಲು ದಾಟಿ ಹೋಗುವವರೂ ಕಡಿಮೆಯಿಲ್ಲ. ಎಲ್ಲಿ ಹೋದರೂ ಪ್ರಶ್ನೆ ಒಂದೇ. ಹಾಸ್ಟೆಲಿನಲ್ಲಿ ಜಾಗ ಸಿಗದಿದ್ದರೆ ಪಿ.ಜಿ., ಪಿ.ಜಿ. ದುಬಾರಿಯಾದರೆ ನಾಲ್ಕೈದು ಮಂದಿ ಸೇರಿ ಒಂದು ಕೋಣೆ. ಅಡ್ವಾನ್ಸು, ಬ್ರೋಕರ್ ಹಣ, ಕರೆಂಟು ಬಿಲ್ಲು ಎಂದು ತಿಂಗಳು ತಿಂಗಳೂ ಕೈಯಿಂದ ಜಾರುವ ಹಣಕ್ಕೆ ಲೆಕ್ಕವಿಲ್ಲ.

ಈ ಸಂಕಟ ನಮ್ಮೊಬ್ಬರದಲ್ಲ. ಕೆನಡಾ ದೇಶವನ್ನೇ ನೋಡಿ. ಅಲ್ಲಿ ಓದಲು ಹೋಗುವ ವಿದೇಶಿ ವಿದ್ಯಾರ್ಥಿ, ಫೀಸು ಮತ್ತು ಪ್ರಯಾಣದ ಖರ್ಚನ್ನು ಬಿಟ್ಟು, ಒಂದು ವರ್ಷದ ಜೀವನೋಪಾಯಕ್ಕೆ ಇಷ್ಟು ಹಣ ತನ್ನ ಬಳಿ ಇದೆ ಎಂದು ತೋರಿಸಬೇಕು. ಕ್ವಿಬೆಕ್ ಪ್ರಾಂತ್ಯ ಬಿಟ್ಟು ಉಳಿದೆಡೆಗೆ ಈ ಮೊತ್ತ ಬಹುಕಾಲ 10,000 ಡಾಲರ್ ಇತ್ತು. 2024ರ ಜನವರಿ 1ರಿಂದ ಅದು 20,635 ಡಾಲರ್ ಆಯಿತು. 2025ರ ಸೆಪ್ಟೆಂಬರಿನಿಂದ 22,895ಕ್ಕೆ ಏರಿತು. 2024ರ ಜನವರಿಯಲ್ಲಿಯೇ ಅಲ್ಲಿನ ಸರಕಾರ ಹೊಸ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿತು. ಆ ವರ್ಷ ಸುಮಾರು 3,60,000 ಮಾತ್ರ, ಅಂದರೆ ಹಿಂದಿನ ವರ್ಷಕ್ಕಿಂತ 35 ಶೇಕಡ ಕಡಿಮೆ. ಅದಕ್ಕೆ ಹೇಳಿದ ಕಾರಣಗಳಲ್ಲಿ ಮನೆಗಳ ಕೊರತೆಯೂ ಒಂದು.

ಹಾಗಾದರೆ ಬಡವರ, ಮಧ್ಯಮ ವರ್ಗದವರ ಮಕ್ಕಳಿಗೆ ದಾರಿಯೇ ಇಲ್ಲವೇ? ಇದೆ. ಅದು ಹೊಸ ದಾರಿಯೂ ಅಲ್ಲ. ತೊಂಬತ್ತು ವರ್ಷಗಳ ಹಿಂದೆ, ಇಂದಿಗಿಂತ ಕಠಿಣವಾದ ಕಾಲದಲ್ಲಿ, ಕಿಸೆಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗಳೇ ಅದನ್ನು ಕಂಡುಕೊಂಡರು. ಅದರ ಹೆಸರು ವಿದ್ಯಾರ್ಥಿಗಳ ಸಹಕಾರಿ ವಸತಿ.

ಹದಿನಾಲ್ಕು ಮಂದಿಯಿಂದ ಆರಂಭ

1933ನೇ ಇಸವಿ. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ದಿನಗಳು. ಬ್ಯಾಂಕುಗಳು ಮುಚ್ಚಿದ್ದವು, ತಂದೆಯರು ಕೆಲಸ ಕಳೆದುಕೊಂಡಿದ್ದರು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಅನೇಕರಿಗೆ ಕೋಣೆ ಬಾಡಿಗೆ ಮತ್ತು ಊಟದ ಖರ್ಚು ಹೊರಲಾರದ ಭಾರವಾಗಿತ್ತು. ಅಲ್ಲಿನ ವೈ.ಎಂ.ಸಿ.ಎ. ಕೇಂದ್ರವಾದ ಸ್ಟೈಲ್ಸ್ ಹಾಲ್‌ನ ಮುಖ್ಯಸ್ಥರಾಗಿದ್ದವರು ಹ್ಯಾರಿ ಕಿಂಗ್‌ಮನ್. ಮಿಷನರಿ ದಂಪತಿಯ ಮಗನಾಗಿ ಚೀನಾದಲ್ಲಿ ಹುಟ್ಟಿದವರು.

ಅವರ ಪ್ರೇರಣೆಯಿಂದ 14 ವಿದ್ಯಾರ್ಥಿಗಳು ಒಂದಾದರು. ಕೈಯಲ್ಲಿದ್ದ ಅಲ್ಪ ಹಣವನ್ನು ಒಟ್ಟುಮಾಡಿ, ಅಡುಗೆ, ಕಸ ಗುಡಿಸುವುದು, ಪಾತ್ರೆ ತೊಳೆಯುವುದು ಎಲ್ಲವನ್ನೂ ತಾವೇ ಹಂಚಿಕೊಂಡು ಒಂದೇ ಸೂರಿನಡಿ ಬದುಕತೊಡಗಿದರು. ಸುದ್ದಿ ಒಬ್ಬರಿಂದೊಬ್ಬರಿಗೆ ಹರಡಿತು. 1935ರಲ್ಲಿ ಅವರು ಬ್ಯಾರಿಂಗ್ಟನ್ ಹಾಲ್ ಎಂಬ ದೊಡ್ಡ ಕಟ್ಟಡವನ್ನು ಬಾಡಿಗೆಗೆ ಹಿಡಿದಾಗ ಅಲ್ಲಿ ಸುಮಾರು 200 ಮಂದಿಗೆ ಜಾಗವಾಯಿತು. 1936ರಲ್ಲಿ ವಿದ್ಯಾರ್ಥಿನಿಯರಿಗಾಗಿ ಸ್ಟೆಬ್ಬಿನ್ಸ್ ಹಾಲ್ ತೆರೆಯಿತು. ಆ ಸಂಸ್ಥೆ ಇಂದಿಗೂ ಬರ್ಕ್ಲಿಯ ಸುಮಾರು 20 ಮನೆ ಮತ್ತು ವಸತಿ ಸಮುಚ್ಚಯಗಳಲ್ಲಿ 1,200ಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಆಸರೆಯಾಗಿದೆ. ಇಲ್ಲದಿದ್ದರೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಾರದವರಿಗೆ ಕಡಿಮೆ ಖರ್ಚಿನ ವಸತಿ ಕೊಡುವುದು ಅದರ ಗುರಿ.

ಗಮನಿಸಿ, ಅವರಿಗೆ ಯಾರೂ ಧರ್ಮಕ್ಕೆ ಮನೆ ಕೊಡಲಿಲ್ಲ. ಹಿರಿಯರೊಬ್ಬರು ಧೈರ್ಯ ಹೇಳಿದರು, ಮಕ್ಕಳು ಕೈಜೋಡಿಸಿದರು, ಅಷ್ಟೇ.

ಜಪಾನಿನಿಂದ ಬಂದ ಮಾತು

ಅದೇ ಕಾಲದಲ್ಲಿ ಜಪಾನಿನ ತೊಯೊಹಿಕೊ ಕಗಾವಾ ಅವರು ಅಮೆರಿಕದ ಉದ್ದಗಲ ಸಂಚರಿಸುತ್ತಿದ್ದರು. 1888ರಲ್ಲಿ ಕೋಬೆ ನಗರದಲ್ಲಿ ಹುಟ್ಟಿದ ಅವರು ತರುಣರಾಗಿದ್ದಾಗಲೇ, 1909ರಲ್ಲಿ, ಅಲ್ಲಿನ ಕೊಳಚೆ ಪ್ರದೇಶಕ್ಕೆ ಹೋಗಿ ಬಡವರ ನಡುವೆಯೇ ಬಾಳಿದ ಕ್ರೈಸ್ತ ಸುಧಾರಕರು. ಕೇವಲ ದಾನದಿಂದ ಬಡತನ ನೀಗದು, ಬಡವರು ಸಹಕಾರ ಸಂಘಗಳನ್ನು ಕಟ್ಟಿಕೊಳ್ಳಬೇಕು ಎಂಬುದು ಅವರ ಬೋಧನೆ. ಅವರು ನಮ್ಮ ದೇಶಕ್ಕೂ ಬಂದಿದ್ದರು. 1938ರ ಡಿಸೆಂಬರಿನಲ್ಲಿ ಮದ್ರಾಸಿನ ತಾಂಬರಂನಲ್ಲಿ ನಡೆದ ಅಂತಾರಾಷ್ಟ್ರೀಯ ಮಿಷನರಿ ಸಮ್ಮೇಳನದಲ್ಲಿ ಭಾಗವಹಿಸಿದರು, 1939ರ ಜನವರಿಯಲ್ಲಿ ಗಾಂಧೀಜಿಯವರನ್ನು ಭೇಟಿಯಾದರು.

ಕಗಾವಾ ಅವರ ಮಾತು ಕೇಳಿದವರಲ್ಲಿ ಟೊರೊಂಟೊ ನಗರದಲ್ಲಿ ದೇವಶಾಸ್ತ್ರ ಓದುತ್ತಿದ್ದ ನಾಲ್ವರು ವಿದ್ಯಾರ್ಥಿಗಳೂ ಇದ್ದರು. ಮಾತು ಕೇಳಿ ತಲೆದೂಗಿ ಮನೆಗೆ ಹೋಗಲಿಲ್ಲ ಅವರು. 1936ರಲ್ಲಿ ತಾವೇ ಒಂದು ಸಹಕಾರಿ ವಸತಿಯನ್ನು ಆರಂಭಿಸಿದರು. ಕೆನಡಾದ ವಿದ್ಯಾರ್ಥಿ ಸಹಕಾರಿ ವಸತಿಗಳ ಮೊದಲ ಹೆಜ್ಜೆಗಳಲ್ಲಿ ಅದೊಂದು. ಮುಂದೆ 1964ರಲ್ಲಿ, ಅದೇ ಪ್ರಾಂತ್ಯದ ವಾಟರ್ಲೂ ನಗರದಲ್ಲಿ ಇಂಥದೇ ಇನ್ನೊಂದು ಸಂಸ್ಥೆ ಹುಟ್ಟಿತು.

ಲೆಕ್ಕ ಹೇಗೆ ಕೂಡಿಬರುತ್ತದೆ?

ಇವರೆಲ್ಲರಿಗೂ ಮಾದರಿ ಇಂಗ್ಲೆಂಡಿನ ರೋಚ್‌ಡೇಲ್ ಎಂಬ ಊರಿನ 28 ಮಂದಿ ಕೆಲಸಗಾರರು. ಅವರಲ್ಲಿ ನೇಕಾರರೂ ಇದ್ದರು. ತಲಾ ಒಂದು ಪೌಂಡಿನಂತೆ ಕೂಡಿಟ್ಟು 1844ರ ಡಿಸೆಂಬರ್ 21ರಂದು ಅವರು ಪುಟ್ಟ ಅಂಗಡಿ ತೆರೆದರು. ಬೆಣ್ಣೆ, ಸಕ್ಕರೆ, ಹಿಟ್ಟು, ಮೇಣದ ಬತ್ತಿ, ಇಷ್ಟೇ ಸರಕು. ಆದರೆ ಅವರ ನಿಯಮಗಳು ಲೋಕವನ್ನೇ ಸುತ್ತಿದವು. ಎಷ್ಟೇ ಹಣ ಹಾಕಿದ್ದರೂ ಒಬ್ಬರಿಗೆ ಒಂದೇ ಮತ. ಉಳಿದ ಲಾಭ ಸದಸ್ಯರಿಗೇ. ಅದರಲ್ಲೊಂದು ಪಾಲು ಸದಸ್ಯರ ಶಿಕ್ಷಣಕ್ಕೆ ಮೀಸಲು.

ಇದನ್ನು ವಿದ್ಯಾರ್ಥಿಗಳ ಮನೆಗೆ ಅನ್ವಯಿಸಿದರೆ ಹೇಗಿರುತ್ತದೆ? ಅಲ್ಲಿ ಮಾಲೀಕರು ಬೇರೆ, ಬಾಡಿಗೆದಾರರು ಬೇರೆ ಎಂಬುದಿಲ್ಲ. ಮನೆ ಸಂಘದ್ದು, ಸಂಘ ವಿದ್ಯಾರ್ಥಿಗಳದ್ದು. ಬರ್ಕ್ಲಿಯ ಸಹಕಾರಿ ಮನೆಗಳಲ್ಲಿ ಪ್ರತಿಯೊಬ್ಬರೂ ವಾರಕ್ಕೆ 5 ಗಂಟೆ ಮನೆಯ ಕೆಲಸ ಮಾಡಬೇಕು. ಒಬ್ಬರಿಗೆ ಅಡುಗೆ, ಒಬ್ಬರಿಗೆ ಶೌಚಾಲಯ ತೊಳೆಯುವುದು, ಇನ್ನೊಬ್ಬರಿಗೆ ಲೆಕ್ಕ ಬರೆಯುವುದು. ವೈದ್ಯರಾಗಲು ಓದುವವನಿಗೂ ಪೊರಕೆ ತಪ್ಪಿದ್ದಲ್ಲ! ಮನೆಯ ತೀರ್ಮಾನಗಳು ಸದಸ್ಯರ ಸಭೆಯಲ್ಲಿಯೇ ಆಗುತ್ತವೆ.

ನಮ್ಮ ಊರಿನ ಲೆಕ್ಕದಲ್ಲಿ ಒಂದು ಉದಾಹರಣೆ ನೋಡೋಣ. ಇದು ಬರೀ ತಿಳಿವಳಿಕೆಗೆ ಹಿಡಿದ ಲೆಕ್ಕ, ಊರಿಗೆ ತಕ್ಕಂತೆ ಬದಲಾದೀತು. ಹತ್ತು ಮಂದಿ ವಿದ್ಯಾರ್ಥಿನಿಯರು ತಿಂಗಳಿಗೆ ತಲಾ 8,000 ರೂಪಾಯಿ ಕೊಟ್ಟು ಪಿ.ಜಿ.ಯಲ್ಲಿದ್ದಾರೆ ಎನ್ನೋಣ. ಒಟ್ಟು 80,000 ರೂಪಾಯಿ. ಇದೇ ಹತ್ತು ಮಂದಿ ಸೇರಿ 25,000 ರೂಪಾಯಿಗೆ ಒಂದು ಮನೆ ಹಿಡಿದು, ದಿನಸಿ, ಗ್ಯಾಸು, ಕರೆಂಟು, ನೀರಿಗೆ 30,000 ಖರ್ಚು ಮಾಡಿ, ರಿಪೇರಿ ಮತ್ತು ಆಪತ್ತಿಗೆಂದು 5,000 ತೆಗೆದಿಟ್ಟರೂ ಆಗುವುದು 60,000. ತಲಾ 6,000. ಅಡುಗೆ ಮತ್ತು ಶುಚಿತ್ವ ತಮ್ಮದೇ ಕೈಯಿಂದ. ಹತ್ತು ತಿಂಗಳಲ್ಲಿ ಒಬ್ಬಳಿಗೆ ಉಳಿದದ್ದು 20,000 ರೂಪಾಯಿ. ಕೂಲಿ ಮಾಡುವ, ಬೀಡಿ ಕಟ್ಟುವ ಮನೆಗೆ ಇದು ಸಣ್ಣ ಮೊತ್ತವೇ?

ಮನೆ ಸಂಘದ ಸ್ವಂತದ್ದಾದರೆ ಲಾಭ ಇನ್ನೂ ಹೆಚ್ಚು. ಸಾಲ ತೀರಿದ ಮೇಲೆ ಬಾಡಿಗೆ ಎಂಬುದೇ ಇರುವುದಿಲ್ಲ, ನಿರ್ವಹಣೆ ಮತ್ತು ತೆರಿಗೆಯಷ್ಟೇ. ಪೇಟೆಯಲ್ಲಿ ಬಾಡಿಗೆ ಏರಿದರೂ ಆ ಮನೆಯಲ್ಲಿ ಅದರೊಂದಿಗೆ ಏರಬೇಕೆಂದಿಲ್ಲ. ಲಾಭಕ್ಕಾಗಿ ಮಾರುವ ಮಾಲೀಕರು ಅಲ್ಲಿಲ್ಲ. ಹಳೆಯ ತಲೆಮಾರಿನ ವಿದ್ಯಾರ್ಥಿಗಳ ಬೆವರಿನ ಫಲ ಇನ್ನೂ ಹುಟ್ಟದ ಮಕ್ಕಳಿಗೂ ಸಿಗುತ್ತದೆ.

ಕದ ತಟ್ಟುವ ಕೆಲಸ

ಆದರೆ ಇಂಥ ಮನೆಗೊಂದು ಸಹಜ ಕಷ್ಟವಿದೆ. ಇಲ್ಲಿ ಯಾರೂ ಬಹುಕಾಲ ನಿಲ್ಲುವುದಿಲ್ಲ. ಮೂರು ನಾಲ್ಕು ವರ್ಷಕ್ಕೆ ಓದು ಮುಗಿಸಿ ಹೊರಡುತ್ತಾರೆ. ಕೆಲಸ ಬಲ್ಲವರು ಹೋಗುತ್ತಾರೆ, ಏನೂ ತಿಳಿಯದವರು ಬರುತ್ತಾರೆ. ವರ್ಷ ವರ್ಷವೂ ಹೊಸಬರನ್ನು ಹುಡುಕಿ, ಕರೆದು, ಕಲಿಸಿ, ಹೊಣೆ ಒಪ್ಪಿಸದಿದ್ದರೆ ಮನೆ ಎರಡು ಮೂರು ವರ್ಷಗಳಲ್ಲೇ ಸೊರಗುತ್ತದೆ.

ಇನ್ನೊಂದು ಸಂಗತಿ. ಇಂಥ ಮನೆಯ ಅಗತ್ಯ ಯಾರಿಗೆ ಹೆಚ್ಚೋ ಅವರಿಗೇ ಅದರ ಸುದ್ದಿ ತಡವಾಗಿ ಮುಟ್ಟುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ಹುಡುಗಿಗೆ, ಹಳ್ಳಿಯ ಶಾಲೆಯಲ್ಲಿ ಓದಿ ಬಂದ ಹುಡುಗನಿಗೆ ಇದೆಲ್ಲ ಹೇಳುವವರು ಯಾರು? ಆದ್ದರಿಂದಲೇ ಸಹಕಾರಿ ಮನೆಗಳ ವಿದ್ಯಾರ್ಥಿಗಳು ಹೊಸಬರು ಬರುವ ದಿನಗಳಲ್ಲಿ ಕ್ಯಾಂಪಸ್ಸಿನಲ್ಲಿ ಮೇಜು ಹಾಕಿ ಕೂರುತ್ತಾರೆ, ಮನೆ ತೋರಿಸುತ್ತಾರೆ, ಒಂದು ಹೊತ್ತಿನ ಊಟಕ್ಕೆ ಕರೆಯುತ್ತಾರೆ, ಆದಾಯ ಕಡಿಮೆಯಿರುವ ಮನೆಯ ಮಕ್ಕಳಿಗೆ ಆದ್ಯತೆ ಕೊಡುತ್ತಾರೆ. ನೆರೆಯವರ ಕದವನ್ನೂ ತಟ್ಟಬೇಕಾಗುತ್ತದೆ. ವಿದ್ಯಾರ್ಥಿಗಳ ಮನೆ ಎಂದೊಡನೆ ಗಲಾಟೆ, ಕಸ ಎಂದು ಹೆದರುವವರು ಎಲ್ಲ ಊರಿನಲ್ಲೂ ಇದ್ದಾರೆ. ಪರಿಚಯ ಮಾಡಿಕೊಂಡು ವಿಶ್ವಾಸ ಗಳಿಸುವುದೂ ಮನೆಯ ಕೆಲಸದ ಒಂದು ಭಾಗವೇ.

ಇದು ಹಳೆಯ ಕಾಲಕ್ಕೆ ಮುಗಿದ ಕಥೆಯಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಬಾಡಿಗೆಯ ಏರಿಕೆಯಿಂದ ಬೇಸತ್ತ ವಿದ್ಯಾರ್ಥಿಗಳು ಸಭೆ ಸೇರಿ, ಪ್ರಚಾರ ನಡೆಸಿ, 2014ರಲ್ಲಿ ತಮ್ಮದೇ ಸಹಕಾರಿ ವಸತಿಯನ್ನು ತೆರೆದರು. ಅಲ್ಲಿ 106 ಮಂದಿಗೆ ಜಾಗವಿದೆ. ಆಡಳಿತ ನಡೆಸುವವರು ಸದಸ್ಯ ವಿದ್ಯಾರ್ಥಿಗಳೇ.

ಎಡವಿದವರಿಂದಲೂ ಪಾಠ

ಎಲ್ಲವೂ ಸುಲಲಿತವಾಗಿ ನಡೆಯಿತು ಎಂದರೆ ಸತ್ಯಕ್ಕೆ ದೂರವಾದೀತು. ಟೊರೊಂಟೊದ ಸಹಕಾರಿ ವಿದ್ಯಾರ್ಥಿಗಳ ಪ್ರಯತ್ನದಿಂದಲೇ 1968ರಲ್ಲಿ 18 ಮಹಡಿಯ ರೋಚ್‌ಡೇಲ್ ಕಾಲೇಜು ಎಂಬ ಭಾರೀ ಕಟ್ಟಡ ಎದ್ದಿತು. ಹೆಸರು ಆ ಕೆಲಸಗಾರರ ಊರಿನದ್ದು, ಆದರೆ ಅವರ ಶಿಸ್ತು ಬರಲಿಲ್ಲ. ಯಾರು ಬರುತ್ತಾರೆ, ಯಾರು ಬಾಡಿಗೆ ಕೊಡುತ್ತಾರೆ ಎಂಬುದಕ್ಕೆ ಹಿಡಿತ ತಪ್ಪಿತು. ಮಾದಕ ವಸ್ತುಗಳು ನುಗ್ಗಿದವು, ಸಾಲದ ಕಂತು ಕಟ್ಟಲಾಗಲಿಲ್ಲ. 1975ರಲ್ಲಿ ಅದು ಮುಚ್ಚಿತು. ಬರ್ಕ್ಲಿಯಲ್ಲಿಯೂ, ಆರಂಭದ ದಿನಗಳ ಹೆಮ್ಮೆಯಾಗಿದ್ದ ಬ್ಯಾರಿಂಗ್ಟನ್ ಹಾಲ್ ಅಶಿಸ್ತು ಮತ್ತು ಮಾದಕ ವಸ್ತುಗಳ ಕಾರಣದಿಂದ ಕುಖ್ಯಾತವಾಯಿತು. ಸಹಕಾರಿಯ ಸದಸ್ಯರೇ ಮತ ಹಾಕಿ ಅದನ್ನು ಮುಚ್ಚಲು ತೀರ್ಮಾನಿಸಿದರು. 1990ರಲ್ಲಿ ಅದರ ಬಾಗಿಲು ಮುಚ್ಚಿತು. ಒಂದು ಮನೆ ಮುಚ್ಚಿದ್ದರಿಂದ ಉಳಿದ ಮನೆಗಳು ಬದುಕಿದವು.

ಕಟ್ಟಡ ದೊಡ್ಡದಾದ ಮಾತ್ರಕ್ಕೆ ಸಹಕಾರ ದೊಡ್ಡದಾಗುವುದಿಲ್ಲ. ಒಟ್ಟಿಗೆ ಬಾಳುವುದನ್ನು ಕಲಿಯದೆ ಒಟ್ಟಿಗೆ ಮನೆ ಮಾಡಿದರೆ ಅದು ಛತ್ರವಾದೀತೇ ಹೊರತು ಮನೆಯಾಗದು.

ಮೊದಲು ಕಲಿಕೆ, ಆಮೇಲೆ ಕಟ್ಟಡ

ಈ ಪಾಠವನ್ನು ಚೆನ್ನಾಗಿ ಬಲ್ಲವರು ಕೆನಡಾದ ನೋವಾ ಸ್ಕೋಶಿಯಾ ಪ್ರಾಂತ್ಯದ ಕಥೋಲಿಕ ಗುರುಗಳಿಬ್ಬರು, ವಂದನೀಯ ಜಿಮ್ಮಿ ಟಾಂಪ್ಕಿನ್ಸ್ ಮತ್ತು ವಂದನೀಯ ಮೋಸೆಸ್ ಕೋಡಿ. ಆಂಟಿಗೊನಿಶ್ ಎಂಬಲ್ಲಿನ ಸಂತ ಫ್ರಾನ್ಸಿಸ್ ಕ್ಸೇವಿಯರ್ ವಿಶ್ವವಿದ್ಯಾಲಯ 1928ರಲ್ಲಿ, ಕ್ಯಾಂಪಸ್ಸಿನ ಹೊರಗಿನ ಜನರ ಶಿಕ್ಷಣಕ್ಕಾಗಿ ಒಂದು ವಿಭಾಗವನ್ನು ಆರಂಭಿಸಿತು. ಕೋಡಿ ಸ್ವಾಮಿಗಳು ಅದರ ನಿರ್ದೇಶಕರಾದರು. ಮೀನುಗಾರರು, ಗಣಿ ಕಾರ್ಮಿಕರು ಸಂಜೆ ಹೊತ್ತು ಯಾರದಾದರೂ ಮನೆಯಲ್ಲಿ ಕುಳಿತು ಓದುವ, ಚರ್ಚಿಸುವ ಅಧ್ಯಯನ ಕೂಟಗಳು ಊರೂರಿನಲ್ಲಿ ಹುಟ್ಟಿದವು.

ರಿಸರ್ವ್ ಮೈನ್ಸ್ ಎಂಬ ಗಣಿ ಊರಿನಲ್ಲಿ ಟಾಂಪ್ಕಿನ್ಸ್ ಸ್ವಾಮಿಗಳು ಧರ್ಮಗುರುಗಳಾಗಿದ್ದಾಗ, ಅಲ್ಲಿನ ಗಣಿ ಕಾರ್ಮಿಕರು ತಮ್ಮ ಮನೆಗಳ ದುಸ್ಥಿತಿಯ ಬಗ್ಗೆ ಕೂಟ ಕಟ್ಟಿದರು. ನ್ಯೂಯಾರ್ಕಿನ ಸಹಕಾರಿ ವಸತಿಗಳಲ್ಲಿ ಅನುಭವವಿದ್ದ ಮೇರಿ ಆರ್ನಲ್ಡ್ ಎಂಬ ಮಹಿಳೆ 1937ರಲ್ಲಿ ಅವರ ನೆರವಿಗೆ ಬಂದರು. ಕಾರ್ಮಿಕರು ಕೂಡಲೇ ಅಡಿಪಾಯ ಅಗೆಯಲಿಲ್ಲ. ತಿಂಗಳುಗಟ್ಟಲೆ ಸಾಲ, ಬಡ್ಡಿ, ಮರ, ಚರಂಡಿ ಎಲ್ಲದರ ಲೆಕ್ಕ ಕಲಿತರು, ಮನೆಗಳ ಪುಟ್ಟ ಮಾದರಿಗಳನ್ನು ಮಾಡಿ ನೋಡಿದರು. ಆಮೇಲೆ ಪ್ರಾಂತೀಯ ಸರಕಾರದ ಸಾಲ ಪಡೆದು, ತಮ್ಮ ದುಡಿಮೆಯನ್ನೇ ಬಂಡವಾಳದ ಪಾಲಾಗಿ ಹಾಕಿ, 1938ರಲ್ಲಿ ತಮ್ಮ ಕೈಯಿಂದಲೇ 11 ಕುಟುಂಬಗಳ ಮನೆಗಳನ್ನು ಕಟ್ಟಿದರು. ತಮ್ಮ ಗುರುಗಳ ನೆನಪಿಗೆ ಆ ಬಡಾವಣೆಯನ್ನು ಟಾಂಪ್ಕಿನ್ಸ್‌ವಿಲ್ ಎಂದು ಕರೆದರು. ಕೋಡಿ ಸ್ವಾಮಿಗಳ ಹೆಸರಿನ ಅಂತಾರಾಷ್ಟ್ರೀಯ ಸಂಸ್ಥೆ 1959ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಸ್ಥಾಪನೆಯಾಯಿತು. ನಮ್ಮ ದೇಶದವರೂ ಅಲ್ಲಿ ಕಲಿತು ಬಂದಿದ್ದಾರೆ.

ನಮ್ಮ ಮಣ್ಣಿನಲ್ಲಿ ಹೊಸದೇನಲ್ಲ

ಇದೆಲ್ಲ ಪರದೇಶದ ಮಾತು, ನಮಗೆ ಆಗಿಬರುವುದಲ್ಲ ಎನ್ನುವವರಿದ್ದಾರೆ. ಸಹಕಾರ ನಮಗೆ ಅಪರಿಚಿತವೇ? 1904ರ ಕಾನೂನು ಬಂದ ಮರುವರ್ಷವೇ, 1905ರಲ್ಲಿ, ಗದಗದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿ ದೇಶಕ್ಕೇ ಮೊದಲಿಗರಾದರು. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1912ರಲ್ಲಿ, ಪಿ. ಎಫ್. ಎಕ್ಸ್. ಸಲ್ದಾನ್ಹಾ ಅವರ ಮುಂದಾಳುತನದಲ್ಲಿ ಮಂಗಳೂರಿನ ಕಥೋಲಿಕ ಸಹಕಾರಿ ಬ್ಯಾಂಕು ಆರಂಭವಾಯಿತು. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಗಡಿ ಬಂದರೂ ಅಡಿಕೆ ಬೆಳೆಗಾರರು ಬೇರೆಯಾಗಲಿಲ್ಲ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೋದಲ್ಲಿ ಕರ್ನಾಟಕದವರೂ ಕೇರಳದವರೂ ಒಟ್ಟಿಗೇ ಸದಸ್ಯರು. ಅಡಿಕೆಗೆ, ಹಾಲಿಗೆ, ಸಾಲಕ್ಕೆ ಸಂಘ ಕಟ್ಟಬಲ್ಲ ನಮಗೆ ಮಕ್ಕಳ ವಸತಿಗೆ ಸಂಘ ಕಟ್ಟಲಾಗದೇ?

ಹಾಸ್ಟೆಲುಗಳಲ್ಲಿ ಮಕ್ಕಳೇ ಸಮಿತಿ ಮಾಡಿ ಮೆಸ್ಸು ನಡೆಸಿ, ತಿಂಗಳ ಕೊನೆಗೆ ಖರ್ಚು ಹಂಚಿಕೊಳ್ಳುವ ಪದ್ಧತಿ ನಮ್ಮಲ್ಲೂ ಇದೆ. ಅಲ್ಲಿಂದ ಸಹಕಾರಿ ಮನೆಗೆ ಬಹಳ ದೂರವಿಲ್ಲ.

ನಾವೇನು ಮಾಡಬಹುದು?

ಮೊದಲನೆಯದಾಗಿ, ಹೊರದೇಶಕ್ಕೆ ಹೊರಟ ಮಕ್ಕಳು ವಿಶ್ವವಿದ್ಯಾಲಯದ ಹೆಸರಿನ ಜೊತೆಗೇ ಅಲ್ಲಿ ವಿದ್ಯಾರ್ಥಿ ಸಹಕಾರಿ ವಸತಿ ಇದೆಯೇ ಎಂದು ವಿಚಾರಿಸಲಿ. ಇದ್ದರೆ ಸೀಟು ಖಚಿತವಾಗುವ ಮೊದಲೇ ಅರ್ಜಿಯ ಕ್ರಮ ತಿಳಿದುಕೊಳ್ಳಲಿ, ಏಕೆಂದರೆ ಕಾಯುವವರ ಪಟ್ಟಿ ಉದ್ದವಿರಬಹುದು. ಠೇವಣಿ ಎಷ್ಟು, ವಾರಕ್ಕೆ ಎಷ್ಟು ಗಂಟೆ ಕೆಲಸ, ಊಟ ಸೇರಿದೆಯೇ, ಹುಡುಗ ಹುಡುಗಿಯರಿಗೆ ಬೇರೆ ವ್ಯವಸ್ಥೆ ಇದೆಯೇ, ಮಧ್ಯದಲ್ಲಿ ಬಿಟ್ಟರೆ ಠೇವಣಿ ಮರಳುವುದೇ, ಈ ಐದು ಪ್ರಶ್ನೆಗಳನ್ನು ಕೇಳಿಯೇ ಹಣ ಕಳುಹಿಸಲಿ.

ಎರಡನೆಯದಾಗಿ, ಕೊಣಾಜೆಯಲ್ಲೋ ಪೆರಿಯದಲ್ಲೋ ಓದುವ ನಮ್ಮ ಮಕ್ಕಳ ಪಟ್ಟಿಯನ್ನು ಪ್ರತಿ ಧರ್ಮಕೇಂದ್ರದ ಯುವಜನರು ಮಾಡಲಿ. ಜಾತಿ, ಮತ, ಭಾಷೆ ನೋಡದೆ ಅವರ ಸಹಪಾಠಿಗಳನ್ನೂ ಸೇರಿಸಲಿ. ಎಂಟು ಹತ್ತು ಮಂದಿ ಸಿಕ್ಕಿದರೆ ಮನೆ ಹುಡುಕುವ ಮೊದಲು ನಾಲ್ಕು ಭಾನುವಾರ ಕುಳಿತು ಮಾತನಾಡಲಿ. ಅಡುಗೆಯ ಸರದಿ, ಲೆಕ್ಕದ ಪುಸ್ತಕ, ರಾತ್ರಿ ಬಾಗಿಲು ಹಾಕುವ ಹೊತ್ತು, ಅತಿಥಿಗಳ ನಿಯಮ, ಬಾಡಿಗೆ ಕೊಡಲು ತಡವಾದವರಿಗೆ ಏನು ಮಾಡುವುದು, ಎಲ್ಲವನ್ನೂ ಬರೆದಿಡಲಿ. ಕೇರಳದ 1969ರ ಅಥವಾ ಕರ್ನಾಟಕದ 1959ರ ಸಹಕಾರ ಕಾನೂನಿನಡಿ ನೋಂದಣಿಯ ಯೋಚನೆ, ಒಂದೆರಡು ವರ್ಷ ಮನೆ ನಡೆದ ಮೇಲೆ ಸಾಕು.

ಮೂರನೆಯದಾಗಿ, ಹಿರಿಯರ ಪಾಲು. ಮಕ್ಕಳು ವಿದೇಶದಲ್ಲಿ ನೆಲೆಸಿ ಬೀಗ ಹಾಕಿದ ಮನೆಗಳು ನಮ್ಮ ಊರುಗಳಲ್ಲಿ ಎಷ್ಟಿಲ್ಲ? ಅಂಥದೊಂದನ್ನು ನ್ಯಾಯವಾದ ಬಾಡಿಗೆಗೆ, ಬರಹದ ಕರಾರಿನೊಂದಿಗೆ, ಇಂಥ ಗುಂಪಿಗೆ ಕೊಡಬಹುದು. ಧರ್ಮಕ್ಕೆ ಕೊಡಬೇಕಾಗಿಲ್ಲ. ಮನೆಗೆ ಗಾಳಿ ಬೆಳಕು ಬಂದಂತಾಯಿತು, ಮಕ್ಕಳಿಗೆ ಆಸರೆಯೂ ಆಯಿತು. ಬ್ಯಾಂಕಿನಿಂದ, ಲೆಕ್ಕಪತ್ರದ ಕೆಲಸದಿಂದ ನಿವೃತ್ತರಾದವರು ತಿಂಗಳಿಗೊಮ್ಮೆ ಅವರ ಪುಸ್ತಕ ನೋಡಿ ತಿದ್ದಬಹುದು. ಕಿಂಗ್‌ಮನ್ ಮಾಡಿದ್ದೂ ಇಷ್ಟೇ. ಮನೆ ನಡೆಸಿದವರು ಮಕ್ಕಳು.

ತಂದೆ ತಾಯಂದಿರಲ್ಲಿ ಒಂದು ಮಾತು. ನಮ್ಮ ಮಕ್ಕಳು ಕಷ್ಟ ಕಾಣಬಾರದೆಂದು ತಟ್ಟೆ ತೊಳೆಯಲೂ ಬಿಡದೆ ಬೆಳೆಸುತ್ತೇವೆ. ಆದರೆ ಹತ್ತು ಮಂದಿಗೆ ಅನ್ನ ಬೇಯಿಸಿದ, ಹತ್ತು ಮಂದಿಯ ಲೆಕ್ಕ ಬರೆದ, ಬೇರೆ ಊರಿನ ಬೇರೆ ಮತದ ಗೆಳತಿಯ ಜ್ವರಕ್ಕೆ ಗಂಜಿ ಮಾಡಿಕೊಟ್ಟ ಹುಡುಗಿ ಪದವಿಯ ಜೊತೆಗೆ ಇನ್ನೂ ಏನನ್ನೋ ಕಲಿತು ಬರುತ್ತಾಳೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಈ ವರ್ಷ ನಿಮ್ಮ ವಾಳೆಯ ಕೂಟದಲ್ಲಿ ಒಂದು ಪ್ರಶ್ನೆ ಎತ್ತಿ: ನಮ್ಮ ಮಕ್ಕಳು ಎಲ್ಲೆಲ್ಲಿ ಓದುತ್ತಿದ್ದಾರೆ, ಎಲ್ಲಿ ಉಳಿದಿದ್ದಾರೆ, ಎಷ್ಟು ಕೊಡುತ್ತಿದ್ದಾರೆ? ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಮಾತು ಆರಂಭವಾಗಲಿ.